ಬಿಸಿ ಟೈರಿನ ಪಾಲು

"ಮೇಷ್ಟ್ರೇ, ನೀವು ನಂಬಲ್ಲ, ದೇವ್ರಾಣೆ ನಂಬಲ್ಲ, ಈಗಷ್ಟೇ ನಂಗೆ ಆಗಿದ್ದನ್ನ ಯಾರಿಗೆ ಹೇಳಿದ್ರೂ ನಂಬಲ್ಲ. ಸುಮ್ನೆ ಈ ಟೈರ್ ನೋಡಿ ನೀವು."

ನಿಶ್ಚಲ ಸ್ಕೂಟರಿಂದ ಇಳಿಯೋಕೆ ಮುಂಚೆನೇ ಅವನ ಮಾತು ಇಳಿದಾಗಿತ್ತು. ಸ್ಕೂಟರಿನಲ್ಲಿ ಕಾಲಿಡೋ ಜಾಗದಲ್ಲಿ ಒಂದು ಕಾರಿನ ಟೈರು, ಅದನ್ನ ಎರಡೂ ಮೊಣಕಾಲಲ್ಲಿ ಅವುಚಿಕೊಂಡು ಮೈಸೂರಿನ ಆ ತುದಿಯಿಂದ ಈ ತುದಿಗೆ ಬಂದಿದ್ದ. ಉತ್ತಯ್ಯ ಮೇಷ್ಟ್ರು ಅಂಗಳದಲ್ಲಿ ಕೂತು, ಮಾರನೇ ದಿನದ ರೇಸಿಗೆ ಬೇಕಾದ ಕಿತ್ತಳೆ ಬಣ್ಣದ ಕೋನುಗಳನ್ನ ಒದ್ದೆ ಬಟ್ಟೇಲಿ ಒರೆಸ್ತಿದ್ರು. ಹೈಸ್ಕೂಲಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೋರು. ಈಗ ಊರಲ್ಲಿ ಆಟೋಕ್ರಾಸ್ ಅನ್ನೋ ಕಾರ್ ರೇಸ್ ಓಡಿಸೋ ಹುಡುಗರಿಗೆಲ್ಲ ಅವರೇ ಮೇಷ್ಟ್ರು.

"ನಿಂಗೆ ನಿಶ್ಚಲ ಅಂತ ಹೆಸರಿಟ್ಟೋರು ಯಾರಯ್ಯಾ?" ಅಂದ್ರು ಅವರು. "ಕೂತ್ಕೋ. ಟೈರೂ ಕೂರ್ಲಿ."

ಟೈರು ಕೂತಿತು, ನಿಶ್ಚಲ ಕೂರಲಿಲ್ಲ. ಅವನು ಅಂಗಳದ ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ ಓಡಾಡ್ತಾ ಒಂದೇ ಉಸಿರಲ್ಲಿ ಹೇಳಿದ. ಅವನೂ ಅವನ ಗೆಳೆಯ ಜೋಯಲ್ಲೂ ಸೇರಿ ಒಂದು ಕಾರಿಟ್ಟಿದ್ದಾರೆ, ಸರಿನಾ? ಒಂದೇ ಕಾರು, ಒಂದೇ ಜೊತೆ ಟೈರು, ಇಬ್ಬರು ಓಡಿಸೋರು. ರೇಸ್ ದಿನ ಜೋಯಲ್ ಒಂದ್ಸಲ ಓಡಿಸಿ ಇಳೀತಾನೆ, ಇವನು ಹತ್ತತಾನೆ, ಮತ್ತೆ ಅವನು, ಮತ್ತೆ ಇವನು. ಲಾರಿಗಳು ನಿಲ್ಲೋ ಕಾಂಕ್ರೀಟ್ ಮೈದಾನದಲ್ಲಿ ಕೋನು ಇಟ್ಟು ದಾರಿ ಮಾಡಿರ್ತಾರೆ, ಕೋನು ಬೀಳಿಸದೆ ಎಲ್ಲರಿಗಿಂತ ಬೇಗ ಮುಗಿಸಿದೋನು ಗೆದ್ದ ಹಾಗೆ. ಅಷ್ಟೇ ಆಟ. ಆದ್ರೆ ಆ ಕಾಂಕ್ರೀಟು ಇದ್ಯಲ್ಲ ಮೇಷ್ಟ್ರೇ, ಅದು ಟೈರನ್ನ ತೆಂಗಿನಕಾಯಿ ತುರಿದ ಹಾಗೆ ತುರಿಯತ್ತೆ.

"ಮುಂದಿನ ಎರಡು ಚಕ್ರಕ್ಕೆ ಹೊಸ ಜೊತೆ ಹಾಕಿಸಿ ಇನ್ನೂ ಅದರ ವಾಸನೆ ಹೋಗಿಲ್ಲ. ಈಗ ಜೋಯಲ್ ಫೋನ್ ಮಾಡ್ತಾನೆ. ಏನಂತಾನೆ ಗೊತ್ತಾ? 'ಲೋ ಮಗಾ, ಟೈರ್ ಖಾಲಿ ಕಣೋ, ನಾಳೆಗೆ ಹೊಸ ಜೊತೆ ಬೇಕು, ನಿನ್ನ ಅರ್ಧ ಕಳ್ಸು' ಅಂತಾನೆ. ನಗ್ತಾ ಅಂತಾನೆ ಮೇಷ್ಟ್ರೇ, ನಗ್ತಾ. ನಾನು ಹೋಗಿ ಟೈರ್ ಬಿಚ್ಚಿ ನೋಡ್ತೀನಿ, ಹೊರಗಡೆ ಅಂಚು ಪೂರ್ತಿ ಬೋಳು. ಬೋಳು ಮಾಡಿದ್ದು ಯಾರು? ನಾನಾ? ನಾನು ಓಡಿಸಿದ್ರೆ ಟೈರ್ ಒಂದು ಮಾತಾಡಲ್ಲ. ಅವನು ಓಡಿಸಿದ್ರೆ ಕೋಳಿ ಕುತ್ತಿಗೆ ಹಿಡಿದ ಹಾಗೆ ಕೂಗತ್ತೆ, ಪಕ್ಕದ ಬಡಾವಣೆಯೋರು ಕಿಟಕಿ ತೆಗೆದು ನೋಡ್ತಾರೆ. ಸವೆಸೋನು ಒಬ್ಬ, ದುಡ್ಡು ಕೊಡೋರು ಇಬ್ರು. ಯಾರು ಸವೆಸ್ತಾರೋ ಅವ್ರೇ ಕೊಡ್ಬೇಕಲ್ವಾ ಮೇಷ್ಟ್ರೇ? ಇದರಲ್ಲಿ ನಂದೇನಾದ್ರೂ ತಪ್ಪಿದ್ಯಾ?"

ಮೇಷ್ಟ್ರು ಕೋನು ಒರೆಸ್ತಾನೇ ಇದ್ರು.

"ನಾನು ತೀರ್ಮಾನ ಮಾಡಿಬಿಟ್ಟಿದ್ದೀನಿ," ಅಂದ ನಿಶ್ಚಲ. "ಟೈರ್ ಅಂಗಡಿ ಮುಚ್ಚೋದ್ರೊಳಗೆ ಅವನಿಗೆ ಹೇಳ್ತೀನಿ. ಇನ್ಮೇಲೆ ನಿಂದು ನಿಂಗೆ, ನಂದು ನಂಗೆ. ಒಪ್ಪಿದ್ರೆ ಕಾರು ಒಟ್ಟಿಗೆ. ಒಪ್ಪದಿದ್ರೆ ಕಾರೂ ಬೇಡ, ಅವನೂ ಬೇಡ. ಏಳನೇ ಕ್ಲಾಸಿಂದ ಒಂದೇ ಬೆಂಚು ಅಂತ ನಾನು ಜೀವನಪೂರ್ತಿ ಟೈರ್ ಕೊಡಿಸ್ತಾ ಕೂರಕ್ಕಾಗತ್ತಾ? ನೀವೇ ಹೇಳಿ."

"ಹೇಳ್ತೀನಿ," ಅಂದ್ರು ಮೇಷ್ಟ್ರು. "ನೀನು ಬಾಯಿ ಮುಚ್ಚಿದ್ರೆ."

ನಿಶ್ಚಲ ಟೈರಿನ ಮೇಲೇ ಕೂತ. ಮೇಷ್ಟ್ರು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟು ಈ ಕತೆ ಹೇಳಿದ್ರು.

ಒಂದೂರಲ್ಲಿ ಒಬ್ಬ ಬೇಕರಿಯವನಿದ್ದ. ಅವನಿಗೊಬ್ಬ ಸ್ನೇಹಿತ, ಬಸ್ ಕಂಡಕ್ಟರು. ಇಬ್ಬರಿಗೂ ಸೇರಿ ಒಂದು ಹಳೇ ಕಾರು. ವಾರವೆಲ್ಲ ಆ ಕಾರು ಬನ್ನು ಬ್ರೆಡ್ಡಿನ ಟ್ರೇ ಹೊತ್ಕೊಂಡು ಅಂಗಡಿ ಅಂಗಡಿ ಸುತ್ತೋದು. ಭಾನುವಾರ ಟ್ರೇ ಇಳಿಸಿ, ಬಾಗಿಲಿಗೆ ನಂಬರ್ ಅಂಟಿಸಿ ಮೈದಾನಕ್ಕೆ ತಗೊಂಡು ಹೋಗೋರು. ಬನ್ನಿನ ಚೂರು ಮಾತ್ರ ಸೀಟಿನ ಸಂದೀಲಿ ಹಾಗೇ ಇರೋದು. ಕಂಡಕ್ಟರು ಹೆಲ್ಮೆಟ್ ಹಾಕ್ಕೊಳ್ಳೋ ಮುಂಚೆ ಅದರಲ್ಲೊಂದು ಚೂರು ಹುಡುಕಿ ಬಾಯಿಗೆ ಹಾಕ್ಕೊಳ್ಳೋನು. ಅದು ಅವನ ಪ್ರಸಾದ.

ರೇಸಿಗೆ ಮುಂದಿನ ಎರಡು ಚಕ್ರಕ್ಕೆ ಮೆತ್ತನೆ ರಬ್ಬರಿನ ಟೈರು ಬೇಕು. ಗಟ್ಟಿ ಟೈರು ವರ್ಷಗಟ್ಟಲೆ ಬಾಳತ್ತೆ, ಆದ್ರೆ ತಿರುವಲ್ಲಿ ಜಾರತ್ತೆ. ಮೆತ್ತನೇದು ನೆಲ ಕಚ್ಚತ್ತೆ, ಅಷ್ಟೇ ಬೇಗ ಕರಗತ್ತೆ. ಒಂದು ಜೊತೆ ಮುಗೀತಿದ್ದ ಹಾಗೆ ಇನ್ನೊಂದು. ಬೆಲೆ ಕೇಳಿದ ದಿನ ಬೇಕರಿಯವನ ಹೆಂಡತಿ, "ಬ್ರೆಡ್ಡಿಗೆ ಸವರೋ ಬೆಣ್ಣೇನ ಕಾಂಕ್ರೀಟಿಗೆ ಸವರ್ತಿದ್ದೀರ ನೀವು," ಅಂದ್ಲು. ಅವನು ಬಿಡಲಿಲ್ಲ. ಅವನಿಗೆ ಇದ್ದಿದ್ದು ಒಂದೇ ಆಸೆ. ವರ್ಷದ ಚಾಂಪಿಯನ್ ಕಪ್ಪು ಗೆಲ್ಲಬೇಕು. ಅಂಗಡಿಯ ಗಾಜಿನ ಬೀರುವಿನಲ್ಲಿ, ಕೇಕುಗಳ ನಡುವೆ, ಅದಕ್ಕೆ ಅಂತ ಒಂದು ಜಾಗ ಖಾಲಿ ಬಿಟ್ಟಿದ್ದ. ದೀಪಾವಳಿಗೆ ಮಿಠಾಯಿ ಇಡೋಕೆ ಜಾಗ ಸಾಲದೇ ಹೋದ್ರೂ ಅಲ್ಲಿ ಏನೂ ಇಡ್ತಿರಲಿಲ್ಲ.

ಕಂಡಕ್ಟರಿಗೆ ಭಾನುವಾರ ಮಧ್ಯಾಹ್ನ ಡ್ಯೂಟಿ. ಹಾಗಾಗಿ ಪ್ರತಿ ಸುತ್ತಲ್ಲೂ ಅವನು ಮೊದಲು ಓಡಿಸೋನು, ಬೇಕರಿಯವನು ಆಮೇಲೆ.

"ನಮ್ಮಲ್ಲೂ ಜೋಯಲ್ಲೇ ಮೊದಲು," ಅಂದ ನಿಶ್ಚಲ. "ಅವನಿಗೆ ಕಾಯೋದು ಅಂದ್ರೆ ಆಗಲ್ಲ."

ಮೇಷ್ಟ್ರು ತಲೆ ಎತ್ತಿ ನೋಡಿದ್ರು. ನಿಶ್ಚಲ ಬಾಯಿ ಮೇಲೆ ಕೈ ಇಟ್ಕೊಂಡ.

ಕಂಡಕ್ಟರು ಓಡಿಸಿದ್ರೆ ಟೈರು ಕೂಗೋದು. ಅವನು ಸ್ಟೇರಿಂಗ್ ಜಾಸ್ತಿ ತಿರುಗಿಸೋನು, ತಿರುವಿಗೆ ಜೋರಾಗಿ ನುಗ್ಗೋನು, ಮುಂದಿನ ಚಕ್ರ ಅಡ್ಡಡ್ಡ ಉಜ್ಕೊಂಡು ಹೋಗೋದು. ಪಕ್ಕದಲ್ಲಿ ನಿಂತ ಬೇಕರಿಯವನು ಆ ಒಂದೊಂದು ಕೂಗಿಗೂ ಟೈರಿನ ಬೆಲೆ ಲೆಕ್ಕ ಹಾಕೋನು. ಮೆಲ್ಲಗೆ ಓಡಿಸೋ ಮಾರಾಯ ಅಂದ್ರೆ, ಕಂಡಕ್ಟರು, "ಕೊನೇ ಸ್ಟಾಪಿಗೆ ಟಿಕೆಟ್ ತಗೊಂಡಿದ್ದೀನಪ್ಪಾ, ಮಧ್ಯ ಇಳಿಯಲ್ಲ," ಅನ್ನೋನು. ಆಮೇಲೆ ಬೇಕರಿಯವನು ಹತ್ತೋನು. ಬೆಣ್ಣೆ ಮೇಲೆ ಚಾಕು ಓಡಿಸಿದ ಹಾಗೆ ಓಡಿಸೋನು. ಸದ್ದಿಲ್ಲ, ಗಲಾಟೆಯಿಲ್ಲ, ಆದ್ರೂ ಕಂಡಕ್ಟರಿಗಿಂತ ಒಂದು ಕೂದಲೆಳೆ ಬೇಗ. ಪ್ರತಿ ಸಲವೂ ಹಾಗೇ. ಅವನು ಕೆಳಗಿಳಿದು ಎಲ್ಲರಿಗೂ ಕೇಳೋ ಹಾಗೆ ಹೇಳೋನು, ಕೈ ಮೆತ್ತಗಿದ್ರೆ ಟೈಮು ತಾನಾಗೇ ಬರತ್ತೆ ಅಂತ.

ಟೈರು ಒಂದು ಕಡೆ ಸವೆದಾಗ ಪಂಕ್ಚರ್ ಅಂಗಡೀಲಿ ಬಿಚ್ಚಿಸಿ, ಒಳಗಿನ ಅಂಚು ಹೊರಗೆ ಬರೋ ಹಾಗೆ ತಿರುಗಿಸಿ ಹಾಕಿಸಿದ್ರು. ಸ್ವಲ್ಪ ದಿನಕ್ಕೆ ಆ ಅಂಚೂ ಹೋಯ್ತು. ಬೇಕರಿಯವನಿಗೆ ತಡೆಯಕ್ಕಾಗಲಿಲ್ಲ. ಒಂದು ಭಾನುವಾರ ಕಂಡಕ್ಟರು ಓಡಿಸೋ ಮುಂಚೆ ಟೈರಿನ ಸಂದಿಗೆ ಬೆಂಕಿಕಡ್ಡಿ ಇಟ್ಟು ಆಳ ನೋಡಿದ, ಓಡಿಸಿದ ಮೇಲೆ ನೋಡಿದ, ತಾನು ಓಡಿಸಿದ ಮೇಲೂ ನೋಡಿದ. ಅವನು ಅಂದ್ಕೊಂಡಿದ್ದೇ ಸರಿ. ಸವೆತವೆಲ್ಲ ಕಂಡಕ್ಟರದ್ದು. ಅವನು ಬೆಂಕಿಕಡ್ಡಿ ಹಿಡ್ಕೊಂಡೇ ಹೋಗಿ, "ಸವೆಸಿದೋನು ಕೊಡ್ಬೇಕು ಕಣಯ್ಯಾ, ಅದೇ ನ್ಯಾಯ," ಅಂದ.

ಕಂಡಕ್ಟರು ಆ ಕಡ್ಡೀನ ನೋಡಿದ. ಆಮೇಲೆ, "ಆಯ್ತು ಬಿಡು. ಚಿಲ್ಲರೆ ಸರಿಯಾಗಿರ್ಲಿ. ನಿನ್ನ ಚಕ್ರ ನಿಂಗೆ, ನನ್ನ ಚಕ್ರ ನಂಗೆ," ಅಂದ.

ಜಗಳ ಆಗಲಿಲ್ಲ. ಇಬ್ಬರೂ ಬೇರೆ ಬೇರೆ ಜೊತೆ ತಗೊಂಡ್ರು. ಕಂಡಕ್ಟರು ಓಡಿಸಿ ಇಳಿದ ಮೇಲೆ ಜಾಕ್ ಹಾಕಿ ಅವನ ಚಕ್ರ ಬಿಚ್ಚೋದು, ಬೇಕರಿಯವನ ಚಕ್ರ ಕಟ್ಟೋದು. ಬೇರೆಯವರು ಟೀ ಕುಡೀತಾ ಇವರಿಬ್ಬರನ್ನ ನೋಡಿ ನಗೋರು. ಬೇಕರಿಯವನು ಮಾತ್ರ ನೆಮ್ಮದಿಯಾಗಿದ್ದ. ಈಗ ಟೈರು ಕೂಗಿದ್ರೂ ಹೊಟ್ಟೆ ಉರಿಯಲ್ಲ, ಕೂಗೋದು ಕಂಡಕ್ಟರ ಟೈರು.

ಹೀಗೆ ಚಕ್ರ ಬದಲಾಯಿಸಿದ ಮೊದಲ ದಿನವೇ ಬೇಕರಿಯವನು ಕಂಡಕ್ಟರಿಗೆ ಸೋತ. ಅದೇ ಕಾರು, ಅದೇ ಮೈದಾನ, ಅದೇ ಮೆತ್ತನೆ ಕೈ. ಹೊಸ ಟೈರು ಮೊದಲ ತಿರುವಲ್ಲೇ ಸೋಪಿನ ಮೇಲೆ ಹೋದ ಹಾಗೆ ಹೋಯ್ತು. ಹೊಸದಲ್ವಾ, ಪಳಗಬೇಕು ಅಂದ್ಕೊಂಡ. ಮುಂದಿನ ಸಲವೂ ಸೋತ. ಗಾಳಿ ಕಮ್ಮಿ ಮಾಡಿದ, ಜಾಸ್ತಿ ಮಾಡಿದ. ಅಂಗಡಿಯವನು ಮೋಸದ ಮಾಲು ಕೊಟ್ಟ ಅಂತ ಬೈದ. ಅವನ ಟೈರು ನೋಡಕ್ಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಅಚ್ಚಿನಿಂದ ಬಂದಾಗ ಮೈಮೇಲಿರೋ ಸಣ್ಣ ರಬ್ಬರ್ ಕೂದಲು ಕೂಡ ಉದುರಿರಲಿಲ್ಲ. ಚೂರೂ ಸವೆಯದ ಟೈರಲ್ಲಿ ಅವನು ಪ್ರತಿ ಭಾನುವಾರ ಹಿಂದೆ ಬಿದ್ದ.

ಆದ್ರೆ ಅವನು ಛಲದ ಮನುಷ್ಯ. ಬೆಳಗಿನ ಬ್ರೆಡ್ಡು ಇಳಿಸಿ, ನಿದ್ದೆ ಬಿಟ್ಟು, ಖಾಲಿ ಮೈದಾನಕ್ಕೆ ಹೋಗಿ ಹಳೇ ಎಣ್ಣೆ ಡಬ್ಬಿಗಳನ್ನೇ ಕೋನಿನ ಬದಲು ಇಟ್ಟು ಅಭ್ಯಾಸ ಮಾಡಿದ. ಎಲ್ಲಿ ತಪ್ಪಾಗ್ತಿದೆ ಗೊತ್ತಾಗದೆ ಬಿಡಲ್ಲ ಅಂತ ಹಠ ಹಿಡಿದ.

ಒಂದು ಭಾನುವಾರ ಗೊತ್ತಾಯ್ತು. ಕಂಡಕ್ಟರು ಇಳಿದಿದ್ದ. ಬೇಕರಿಯವನು ಅವನ ಚಕ್ರ ಬಿಚ್ಚೋಕೆ ಟೈರಿನ ಮೇಲೆ ಕೈ ಇಟ್ಟ. ಕೈ ತಕ್ಷಣ ಹಿಂದಕ್ಕೆ ಬಂತು. ಟೈರು ಒಲೆಯಿಂದ ಆಗ ತಾನೇ ಎಳೆದ ಟ್ರೇ ಥರ ಸುಡ್ತಿತ್ತು. ಕಟ್ಟಬೇಕಾಗಿದ್ದ ತನ್ನ ಟೈರನ್ನ ಮುಟ್ಟಿದ. ನಾದಿಟ್ಟ ಹಿಟ್ಟಿನ ಹಾಗೆ ತಣ್ಣಗಿತ್ತು.

ದಿನಾ ಒಲೆ ಹಚ್ಚೋ ಮನುಷ್ಯ ಅವನು. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳಗ್ಗೆ ಒಲೆಗೆ ಹೋಗೋ ಮೊದಲ ಟ್ರೇ ಬನ್ನು ಬಿಳಚಿಕೊಂಡೇ ಬರತ್ತೆ. ಅದನ್ನ ಯಾರೂ ಹಾಗೇ ಕೊಳ್ಳಲ್ಲ, ಒಣಗಿಸಿ ರಸ್ಕ್ ಮಾಡಿ ಮಾರಬೇಕು. ಒಲೆ ಪೂರ್ತಿ ಕಾಯೋದು ಆ ಟ್ರೇ ಒಳಗಿದ್ದಾಗ. ಎರಡನೇ ಟ್ರೇ ಕೆಂಪಗೆ, ಉಬ್ಬಿ, ಹೊಳೀತಾ ಬರತ್ತೆ. ಜನ ಬಂದು ಅದನ್ನೇ ಹೊಗಳ್ತಾರೆ. ಮೆತ್ತನೆ ರಬ್ಬರೂ ಬಿಸಿಯಾದ ಮೇಲೇ ನೆಲ ಕಚ್ಚೋದು. ಅಷ್ಟು ವರ್ಷ ಅವನು ಬಿಸಿ ಟೈರಲ್ಲಿ ಓಡಿಸಿದ್ದ. ಆ ಬಿಸಿ ಎಲ್ಲಿಂದ ಬಂತು ಅಂತ ಅವನ ಬೆಂಕಿಕಡ್ಡಿ ಹೇಳಿರಲಿಲ್ಲ.

ನಿಶ್ಚಲ ತಾನು ಕೂತಿದ್ದ ಟೈರಿಂದ ಎದ್ದು, ಪಕ್ಕದ ಕಲ್ಲಿನ ಮೇಲೆ ಕೂತ.

ಬೇಕರಿಯವನು ಆವತ್ತು ಹೋಗಿ ಕಂಡಕ್ಟರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮತ್ತೆ ಒಂದೇ ಜೊತೆ ಇಟ್ಕೊಳ್ಳೋಣ ಅಂದ್ರೆ, ಬೆಂಕಿಕಡ್ಡಿ ಹಿಡ್ಕೊಂಡು ಹೋಗಿದ್ದ ದಿನವನ್ನ ವಾಪಸ್ ತಗೋಬೇಕಾಗತ್ತೆ. ಅದರ ಬದಲು, ನನ್ನ ಟೈರನ್ನ ನಾನೇ ಕಾಯಿಸ್ತೀನಿ ಅಂದ್ಕೊಂಡ. ಮೊದಲ ತಿರುವಲ್ಲೇ ಜೋರಾಗಿ ನುಗ್ಗೋಕೆ ಶುರು ಮಾಡಿದ. ಸ್ಟೇರಿಂಗ್ ಜಾಸ್ತಿ ತಿರುಗಿಸಿದ. ಅವನ ಟೈರೂ ಕೂಗ್ತು. ಅವನ ಟೈರಿನ ಅಂಚೂ ಬೋಳಾಯ್ತು. ಗೆರೆ ಎಳೆದ ಹಾಗೆ ಕಂಡಕ್ಟರ ಟೈರು ಸವೆದ ಜಾಗದಲ್ಲೇ ಸವೀತು. ಮೊದಲ ಸಲ ಅದು ಕೂಗಿದ ದಿನ ಕಂಡಕ್ಟರು ಮೈದಾನದ ಅಂಚಲ್ಲಿ ನಿಂತು, "ಏನಪ್ಪಾ, ನಿನ್ನ ಟೈರಿಗೂ ಮಾತು ಬಂತು," ಅಂದ. ಬೇಕರಿಯವನು ನಕ್ಕ. ಆಗಲೂ ಹೇಳಲಿಲ್ಲ.

ಹಾಗೇ ದುಡೀತಾ ದುಡೀತಾ ಅವನು ಮತ್ತೆ ಕಂಡಕ್ಟರ ಸಮಕ್ಕೆ ಬಂದ. ವರ್ಷದ ಕೊನೇ ರೇಸು. ಲೆಕ್ಕ ಎಲ್ಲಿಗೆ ಬಂದು ನಿಂತಿತ್ತು ಅಂದ್ರೆ, ಇವರಿಬ್ಬರಲ್ಲಿ ಆ ದಿನ ಯಾರು ಬೇಗ ಮುಗಿಸ್ತಾರೋ ಅವರಿಗೆ ಕಪ್ಪು. ಒಬ್ಬೊಬ್ಬರಿಗೆ ಮೂರು ಅವಕಾಶ, ಮೂರರಲ್ಲಿ ಒಳ್ಳೇ ಟೈಮು ಯಾವುದೋ ಅದು ಲೆಕ್ಕಕ್ಕೆ. ಎರಡು ಮುಗಿದಾಗ ಬೇಕರಿಯವನು ಕೂದಲೆಳೆಯಷ್ಟು ಮುಂದಿದ್ದ. ಮೂರನೇದು ಬಾಕಿ. ಎಂದಿನ ಹಾಗೆ ಕಂಡಕ್ಟರು ಮೊದಲು ಹೋಗಬೇಕು.

ಹೊರಡೋ ಮುಂಚೆ ತೀರ್ಪುಗಾರ ಬಂದು ಟೈರು ನೋಡಿದ. ಕಂಡಕ್ಟರ ಎಡಗಡೆ ಟೈರಲ್ಲಿ ರಬ್ಬರು ಪೂರ್ತಿ ಹೋಗಿ ಒಳಗಿನ ನೂಲು ಕಾಣ್ತಿತ್ತು. ನೂಲು ಕಂಡ್ರೆ ಕಾರು ಬಿಡೋ ಹಾಗಿಲ್ಲ, ಅದು ಎಲ್ಲ ಕಡೆಯ ಕಟ್ಟಳೆ. ಕಂಡಕ್ಟರ ಹತ್ರ ಬೇರೆ ಟೈರಿರಲಿಲ್ಲ. ಅವನು ಯಾರ ಹತ್ರವೂ ಕೇಳಲಿಲ್ಲ. ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟು, ಡ್ಯೂಟಿಯ ಖಾಕಿ ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಶುರು ಮಾಡಿದ.

ತೀರ್ಪುಗಾರ ಬೇಕರಿಯವನ ಕಡೆ ತಿರುಗಿದ. "ನಿಮ್ಮ ಚಕ್ರ ಕೊಟ್ರೆ ಅವರು ಓಡಿಸಬಹುದು. ಕೊಡಲೇಬೇಕು ಅಂತಿಲ್ಲ, ನಿಮ್ಮಿಷ್ಟ. ಬೇಗ ಹೇಳಿ."

ಬೇಕರಿಯವನು ಚಕ್ರ ಬಿಚ್ಚೋ ಸ್ಪಾನರ್ ಹಿಡ್ಕೊಂಡು ನಿಂತಿದ್ದ. ಕೊಡದಿದ್ರೆ ಕಪ್ಪು ಆಗಲೇ ಅವನದು. ಮೂರನೇ ಸಲ ಓಡಿಸೋದೂ ಬೇಡ, ಟೈರು ಸವೆಸೋದೂ ಬೇಡ. ಯಾರೂ ಒಂದು ಮಾತಾಡೋ ಹಾಗಿಲ್ಲ, ಯಾಕಂದ್ರೆ ಸವೆಸಿದೋನು ಕೊಡ್ಬೇಕು ಅನ್ನೋದು ಇಬ್ಬರೂ ಒಪ್ಪಿದ ನ್ಯಾಯ. ಕೊಟ್ರೆ, ತನ್ನ ದುಡ್ಡಿನ ಟೈರಲ್ಲೇ ಕಂಡಕ್ಟರು ತನ್ನನ್ನ ಸೋಲಿಸಬಹುದು. ಮೊದಲು ಹೋಗಿ ಬರೋನು ಆ ಟೈರನ್ನ ಕಾಯಿಸಿ ತರ್ತಾನೆ, ಆಮೇಲೆ ತಾನು ಇಡೀ ವರ್ಷದಲ್ಲೇ ಇಲ್ಲದಷ್ಟು ಚೆನ್ನಾಗಿ ಓಡಿಸಬಹುದು. ಇಲ್ಲಾ, ಅಷ್ಟೊತ್ತಿಗೆ ಅದರಲ್ಲೂ ನೂಲು ಕಂಡು ತನ್ನ ಅವಕಾಶವೇ ಹೋಗಬಹುದು. ಅವನು ಕಂಡಕ್ಟರನ್ನ ನೋಡಿದ. ಕಂಡಕ್ಟರು ಕಾಲರಿನ ಗುಂಡಿ ಹಾಕ್ತಿದ್ದ. ಅವನು ತನ್ನ ಟೈರನ್ನ ನೋಡಿದ. ತೀರ್ಪುಗಾರ ವಾಚ್ ನೋಡಿದ.

ಇಲ್ಲಿಗೆ ಮೇಷ್ಟ್ರು ಒದ್ದೆ ಬಟ್ಟೆ ತಗೊಂಡು ಇನ್ನೊಂದು ಕೋನು ಒರೆಸೋಕೆ ಶುರು ಮಾಡಿದ್ರು.

ನಿಶ್ಚಲ ಕಾದ. ಅವನು ಕಾದಿದ್ದೇ ದೊಡ್ಡದು. ಒಂದು ಕೋನು ಮುಗೀತು, ಇನ್ನೊಂದು ಕೋನು ಮುಗೀತು, ಇನ್ನು ತಡೆಯಕ್ಕಾಗಲಿಲ್ಲ. "ಆಮೇಲೆ? ಮೇಷ್ಟ್ರೇ, ಆಮೇಲೆ? ಕೊಟ್ನಾ ಇಲ್ವಾ? ಕಪ್ಪು ಯಾರಿಗೆ ಬಂತು? ಹಿಂಗೆ ನಡುದಾರೀಲಿ ಇಳಿಸಿ ಹೋದ್ರೆ ಹೆಂಗೆ?"

ಮೇಷ್ಟ್ರು ಮತ್ತೊಂದು ಕೋನು ಕೈಗೆ ತಗೊಂಡ್ರು.

"ಕೊಟ್ಟಿರ್ತಾನೆ ಬಿಡಿ," ಅಂದ ನಿಶ್ಚಲ. "ಕೊಟ್ಟೇ ಕೊಟ್ಟಿರ್ತಾನೆ. ಕತೇಲಿ ಎಲ್ರೂ ಕೊಡ್ತಾರೆ. ಕಂಡಕ್ಟರು ಓಡಿಸ್ತಾನೆ, ಆಮೇಲೆ ಇವನು ಓಡಿಸ್ತಾನೆ, ಇಬ್ಬರೂ ತಬ್ಕೊಂಡು ಅಳ್ತಾರೆ, ಕಪ್ಪನ್ನ ಆರು ತಿಂಗಳು ಅವನ ಮನೇಲಿ ಆರು ತಿಂಗಳು ಇವನ ಅಂಗಡೀಲಿ ಇಟ್ಕೊಳ್ತಾರೆ. ನಂಗೆ ಗೊತ್ತಿಲ್ವಾ ಮೇಷ್ಟ್ರೇ, ಇಂಥ ಕತೆ ಎಲ್ಲ ಎಲ್ಲಿಗೆ ಬಂದು ನಿಲ್ಲತ್ತೆ ಅಂತ."

ಅವನ ಜೇಬಲ್ಲಿ ಫೋನು ಬಡ್ಕೊಳ್ತು. ತೆಗೆದು ನೋಡಿದ, ಜೋಯಲ್. ಟೈರ್ ಅಂಗಡಿ ಮುಂದೆ ನಿಂತಿರ್ಬೇಕು. ನಿಶ್ಚಲ ಎತ್ತಲಿಲ್ಲ, ಕಟ್ ಕೂಡ ಮಾಡಲಿಲ್ಲ. ಅಂಗೈಲಿ ಅದು ಬಡ್ಕೊಳ್ತಾನೇ ಇತ್ತು. ಏನೋ ಹೇಳೋಕೆ ಅಂತ ಬಾಯಿ ತೆಗೆದ, ಅಷ್ಟರಲ್ಲಿ ಮೇಷ್ಟ್ರು ಕೈಲಿದ್ದ ಕೋನನ್ನ ಅವನ ಕಾಲ ಹತ್ರ ಇಟ್ಟು ಅವನ ಮುಖ ನೋಡಿದ್ರು.

"ಕತೇಲಿ ಎಲ್ರೂ ಕೊಡ್ತಾರೆ, ಸರಿ, ನ್ಯಾಯ ಪೂರ್ತಿ ನಿನ್ನ ಕಡೆಗೇ ಇದ್ದಾಗ, ಆ ಜಾಗದಲ್ಲಿ ನೀನಾಗಿದ್ರೆ ಏನ್ ಮಾಡ್ತಿದ್ದೆ?"